ಕತ್ತಲ ಮೋಡದೊಳಗೆ ಮೊಸರಿನ ಘಮ

ಯುಗಾದಿಯ ಹಿಂದುಮುಂದಿನ ದಿನಗಳಲ್ಲಿ, ಬೆಳಗಿನ ಜಾವ, ಊರಿನ ದೀಪಗಳಿಂದ ದೂರದ ಹೊಲದಲ್ಲಿ ನಿಂತು ದಕ್ಷಿಣಕ್ಕೆ ತಿರುಗಿದರೆ ಆಕಾಶಗಂಗೆ ತುಂಬಿಕೊಂಡು ಕಾಣುತ್ತದೆ. ವೃಶ್ಚಿಕದ ಕೊಂಡಿ ದಾಟಿ ಧನು ರಾಶಿಯ ಕಡೆಗೆ ಅದು ಇನ್ನಷ್ಟು ಅಗಲ, ಇನ್ನಷ್ಟು ಬೆಳಕು. ಆದರೆ ಆ ಬೆಳಕಿನ ನಡುವೆಯೇ ಉದ್ದಕ್ಕೂ ಒಂದು ಕಪ್ಪು ಸೀಳು ಹಾದುಹೋಗಿದೆ. ಎಲ್ಲೆಡೆ ನಕ್ಷತ್ರಗಳು ಕಿಕ್ಕಿರಿದಿರುವಾಗ ಆ ಸೀಳಿನಲ್ಲಿ ಮಾತ್ರ ಏಕೆ ಇಲ್ಲ?

ಅಲ್ಲಿ ದೂಳು ಮತ್ತು ಅನಿಲದ ಮೋಡಗಳಿವೆ, ಅವು ಹಿಂದಿನ ನಕ್ಷತ್ರಗಳನ್ನು ಮರೆಮಾಡಿವೆ ಎಂಬ ಉತ್ತರವನ್ನು ನಮ್ಮಲ್ಲಿ ಅನೇಕರು ಶಾಲೆಯಲ್ಲೋ ಪತ್ರಿಕೆಯಲ್ಲೋ ಓದಿದ್ದೇವೆ. ಉತ್ತರ ಸರಿಯೇ. ಆದರೆ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಏಳಬೇಕು. ಬೆಳಕೇ ಹೊರಬರದ ಮೋಡದೊಳಗೆ ಏನಿದೆ ಎಂದು ತಿಳಿಯುವುದು ಹೇಗೆ? ಅಲ್ಲಿಗೆ ಯಾರೂ ಹೋಗಿಲ್ಲ, ಅಲ್ಲಿಂದ ಒಂದು ಚಿಟಿಕೆ ದೂಳನ್ನೂ ಯಾರೂ ತಂದಿಲ್ಲ. ಆದರೂ ಅಂಥ ಮೋಡಗಳಲ್ಲಿ ಅಮೋನಿಯಾ ಇದೆ, ಮದ್ಯಸಾರಗಳಿವೆ, ಮೊಸರಿನ ಹುಳಿಘಮಕ್ಕೆ ಕಾರಣವಾಗುವ ಅಸಿಟಾಲ್ಡಿಹೈಡ್ ಕೂಡ ಇದೆ ಎಂದು ವಿಜ್ಞಾನಿಗಳು ಖಚಿತವಾಗಿ ಹೇಳುತ್ತಾರೆ. ಈ ಕೊನೆಯ ವಸ್ತು ಒಂದು ಮೋಡದಲ್ಲಿ ಎಲ್ಲೆಲ್ಲಿ ಹರಡಿದೆ ಎಂದು ನಕ್ಷೆ ಬರೆದು ತೋರಿಸಿದ್ದು ಪುಣೆ ಜಿಲ್ಲೆಯ ಖೋಡದ ಎಂಬ ಹಳ್ಳಿಯ ದೂರದರ್ಶಕ.

ನಕ್ಷತ್ರಗಳಿಲ್ಲದ ಜಾಗ

ಹದಿನೆಂಟನೇ ಶತಮಾನದ ಕೊನೆಯಲ್ಲಿ ವಿಲಿಯಂ ಹರ್ಶೆಲ್ ಇಂಥ ಕಪ್ಪು ತಾಣಗಳನ್ನು ಕಂಡಾಗ ಅವು ನಿಜಕ್ಕೂ ಬರಿದಾದ ಜಾಗಗಳು, ಆಕಾಶದಲ್ಲಿನ ತೂತುಗಳು ಎಂದೇ ತಿಳಿದಿದ್ದರು. ಅಮೆರಿಕದ ಎಡ್ವರ್ಡ್ ಬರ್ನಾರ್ಡ್ ವರ್ಷಗಟ್ಟಲೆ ಆಕಾಶಗಂಗೆಯ ಛಾಯಾಚಿತ್ರ ತೆಗೆದು, 1919ರಲ್ಲಿ 182 ಕಪ್ಪು ತಾಣಗಳ ಪಟ್ಟಿ ಪ್ರಕಟಿಸಿದರು. ಅಂಚುಗಳ ಆಕಾರ ನೋಡಿದರೆ ಇವು ಖಾಲಿ ಜಾಗಗಳಲ್ಲ, ಎದುರಿಗೆ ನಿಂತಿರುವ ವಸ್ತು ಎಂಬುದು ಅವರಿಗೆ ಮನವರಿಕೆಯಾಯಿತು. 1930ರಲ್ಲಿ ರಾಬರ್ಟ್ ಟ್ರಂಪ್ಲರ್ ದೂರದ ನಕ್ಷತ್ರಗುಚ್ಛಗಳ ಬೆಳಕು ದಾರಿಯಲ್ಲೇ ಕುಂದುತ್ತದೆ ಎಂದು ಲೆಕ್ಕಹಾಕಿ ತೋರಿಸಿದ ಮೇಲೆ ಅನುಮಾನ ಉಳಿಯಲಿಲ್ಲ.

ಮೋಡ ಎಂದೊಡನೆ ನಮಗೆ ದಟ್ಟವಾದದ್ದೇನೋ ಕಣ್ಮುಂದೆ ಬರುತ್ತದೆ. ಆದರೆ ಕತ್ತಲ ಮೋಡದ ಒಂದು ಘನ ಸೆಂಟಿಮೀಟರಿನಲ್ಲಿ ಇರುವುದು ಸುಮಾರು 10,000 ಅಣುಗಳು. ನಾವು ಉಸಿರಾಡುವ ಗಾಳಿಯಲ್ಲಿ ಅಷ್ಟೇ ಜಾಗದಲ್ಲಿ ಎರಡೂವರೆ ಲಕ್ಷ ಕೋಟಿ ಕೋಟಿ ಅಣುಗಳಿರುತ್ತವೆ. ಇಷ್ಟು ತೆಳುವಾದದ್ದು ಬೆಳಕನ್ನು ತಡೆಯುವುದು ತನ್ನ ಗಾತ್ರದಿಂದ. ಅಂಚಿನಿಂದ ಅಂಚಿಗೆ ಹಲವು ಜ್ಯೋತಿರ್ವರ್ಷ ಹಬ್ಬಿರುವ ಮೋಡದಲ್ಲಿ ದೂಳಿನ ಪಾಲು ತೂಕದಲ್ಲಿ ನೂರಕ್ಕೆ ಒಂದರಷ್ಟೇ ಆದರೂ, ಒಂದರ ಹಿಂದೆ ಒಂದು ಸೇರಿ ಅದು ಬೆಳಕಿನ ದಾರಿಯನ್ನು ಮುಚ್ಚಿಬಿಡುತ್ತದೆ. ಬೆಳಕು ಬಾರದ್ದರಿಂದ ಒಳಗೆ ಬಿಸಿಯೂ ಇಲ್ಲ. ಉಷ್ಣತೆ ಸೊನ್ನೆಗಿಂತ 263 ಡಿಗ್ರಿ ಸೆಲ್ಸಿಯಸ್ ಕೆಳಗೆ.

ದೂಳಿನ ಕಣದ ಅಗಲವೂ ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದವೂ ಹತ್ತಿರ ಹತ್ತಿರ ಇರುವುದರಿಂದಲೇ ಬೆಳಕು ಕಣಕ್ಕೆ ತಾಗಿ ಚದುರಿಹೋಗುತ್ತದೆ. ರೇಡಿಯೋ ಅಲೆಗಳ ಉದ್ದವಾದರೋ ಮಿಲಿಮೀಟರುಗಳಿಂದ ಮೀಟರುಗಳವರೆಗೆ. ಅಷ್ಟು ಉದ್ದದ ಅಲೆಗೆ ಮೈಕ್ರಾನಿನ ಹತ್ತರಲ್ಲೊಂದು ಭಾಗದಷ್ಟು ಸಣ್ಣ ಕಣ ಅಡ್ಡಿಯೇ ಅಲ್ಲ. ಒಳಗಿನಿಂದ ರೇಡಿಯೋ ಅಲೆ ಹೊರಟರೆ ಅದು ಸಲೀಸಾಗಿ ಹೊರಬರುತ್ತದೆ. ಇಷ್ಟು ತಣ್ಣಗಿನ ಜಾಗದಲ್ಲಿ ಅದನ್ನು ಹೊರಡಿಸುವವರು ಯಾರು?

ತಿರುಗುವ ಅಣು

ಅಣುಗಳೇ. ಇಂಗಾಲದ ಒಂದು ಪರಮಾಣು, ಆಮ್ಲಜನಕದ ಒಂದು ಪರಮಾಣು ಸೇರಿದ ಕಾರ್ಬನ್ ಮೊನಾಕ್ಸೈಡನ್ನೇ ನೋಡೋಣ. ಈ ಅಣುವಿನ ಒಂದು ತುದಿಯಲ್ಲಿ ಋಣ ವಿದ್ಯುತ್ತು ತುಸು ಹೆಚ್ಚು, ಇನ್ನೊಂದು ತುದಿಯಲ್ಲಿ ತುಸು ಕಡಿಮೆ. ಮೋಡದಲ್ಲಿ ತೇಲುವಾಗ ಪಕ್ಕದ ಅಣು ಬಂದು ಡಿಕ್ಕಿ ಹೊಡೆದರೆ ಇದು ಗಿರಗಿರನೆ ತಿರುಗತೊಡಗುತ್ತದೆ. ಒಳಗಿನ ಚಳಿಯಲ್ಲೂ ಡಿಕ್ಕಿಗೆ ಅಷ್ಟು ಬಲವಿರುತ್ತದೆ. ಎರಡು ತುದಿಗಳ ವಿದ್ಯುತ್ತು ಸಮನಾಗಿಲ್ಲದ ಅಣು ತಿರುಗಿದರೆ ಅದರಿಂದ ರೇಡಿಯೋ ಅಲೆ ಹೊರಡಬಲ್ಲದು.

ಇಲ್ಲಿ ಪ್ರಕೃತಿಯ ಒಂದು ಕಟ್ಟುಪಾಡು ನಮಗೆ ಉಪಕಾರ ಮಾಡಿದೆ. ಅಣು ಮನಬಂದ ವೇಗದಲ್ಲಿ ತಿರುಗುವಂತಿಲ್ಲ. ಅದಕ್ಕೆ ಗೊತ್ತಾದ ಕೆಲವೇ ವೇಗಗಳು, ಗೊತ್ತಾದ ಹಂತಗಳು. ಮೇಲಿನ ಹಂತದಿಂದ ಕೆಳಗಿನ ಹಂತಕ್ಕೆ ಇಳಿಯುವಾಗ ಆ ಎರಡರ ನಡುವಿನ ಶಕ್ತಿಯನ್ನು ಒಂದು ರೇಡಿಯೋ ಅಲೆಯಾಗಿ ಬಿಟ್ಟುಕೊಡುತ್ತದೆ. ಹಂತಗಳ ಅಂತರ ಅಣುವಿನ ತೂಕ ಮತ್ತು ಆಕಾರವನ್ನು ಅವಲಂಬಿಸಿದ್ದು. ಅದಕ್ಕೇ ಒಂದೊಂದು ಅಣುವಿನ ಅಲೆಯ ಕಂಪನಸಂಖ್ಯೆಗಳೂ ಬೇರೆ ಬೇರೆ. ಕಾರ್ಬನ್ ಮೊನಾಕ್ಸೈಡ್ ಅತಿ ಕೆಳಗಿನ ಹಂತಕ್ಕೆ ಇಳಿಯುವಾಗ ಹೊರಡುವ ಅಲೆಯ ಕಂಪನಸಂಖ್ಯೆ 1,15,271 ಮೆಗಾಹರ್ಟ್ಸ್, ಉದ್ದ 2.6 ಮಿಲಿಮೀಟರು. ಭೂಮಿಯ ಪ್ರಯೋಗಾಲಯದಲ್ಲಿ ಅಳೆದ ಸಂಖ್ಯೆಯೇ ಆಕಾಶದಿಂದಲೂ ಬಂದರೆ ಅಲ್ಲಿರುವ ವಸ್ತು ಯಾವುದೆಂದು ಗೊತ್ತಾದಂತೆ.

1963ರಲ್ಲಿ ಹೈಡ್ರಾಕ್ಸಿಲ್ ಎಂಬ ಅಣುತುಣುಕನ್ನು ರೇಡಿಯೋದಲ್ಲಿ ಮೊದಲ ಬಾರಿ ಗುರುತಿಸಿದರು. 1968ರಲ್ಲಿ ಅಮೋನಿಯಾ, 1969ರಲ್ಲಿ ನೀರು ಮತ್ತು ಫಾರ್ಮಾಲ್ಡಿಹೈಡ್, 1970ರಲ್ಲಿ ಕಾರ್ಬನ್ ಮೊನಾಕ್ಸೈಡ್ ಸಿಕ್ಕವು. ಇಂದು ಆ ಪಟ್ಟಿಯಲ್ಲಿ 300ಕ್ಕೂ ಹೆಚ್ಚು ಅಣುಗಳಿವೆ. ಬೆಂಗಳೂರಿನ ಮೇಖ್ರಿ ವೃತ್ತದ ಹತ್ತಿರ, ರಾಮನ್ ಸಂಶೋಧನಾ ಸಂಸ್ಥೆಯ ಆವರಣದಲ್ಲಿ 10.4 ಮೀಟರ್ ಅಗಲದ ಮಿಲಿಮೀಟರ್ ಅಲೆಗಳ ದೂರದರ್ಶಕವೊಂದಿತ್ತು. ಗಮ್ ನೀಹಾರಿಕೆಯಲ್ಲಿ ಧೂಮಕೇತುವಿನ ಹಾಗೆ ಬಾಲ ಚಾಚಿ ನಿಂತಿರುವ ಪುಟ್ಟ ಕತ್ತಲ ಮೋಡಗಳಿಂದ ಬರುವ ಕಾರ್ಬನ್ ಮೊನಾಕ್ಸೈಡಿನ ಅಲೆಯನ್ನು ಟಿ. ಕೆ. ಶ್ರೀಧರನ್ ಅದರಿಂದಲೇ ಅಳೆದರು. ಆ ಮೋಡಗಳೆಲ್ಲ ಒಂದೇ ಕೇಂದ್ರದಿಂದ ಸೆಕೆಂಡಿಗೆ ಸುಮಾರು 12 ಕಿಲೋಮೀಟರ್ ವೇಗದಲ್ಲಿ ದೂರ ಸರಿಯುತ್ತಿವೆ ಎಂದು 1992ರಲ್ಲಿ ಪ್ರಕಟಿಸಿದರು.

ಅಂಚಿನಲ್ಲಿ ಇಂಗಾಲ

ಮೋಡದ ಪದಾರ್ಥ ಅಂಚಿನಿಂದ ನಡುವಿನವರೆಗೆ ಒಂದೇ ರೀತಿ ಇರುವುದಿಲ್ಲ. ಹೊರ ಅಂಚಿಗೆ ನಕ್ಷತ್ರಗಳ ನೇರಳಾತೀತ ಬೆಳಕು ತಾಗುತ್ತದೆ. ಅಲ್ಲಿ ಅಣುಗಳು ಬಾಳುವುದಿಲ್ಲ. ಇಂಗಾಲ ಬಿಡಿ ಪರಮಾಣುವಾಗಿಯೇ ಇದ್ದು, ಒಂದು ಇಲೆಕ್ಟ್ರಾನನ್ನು ಕಳೆದುಕೊಂಡಿರುತ್ತದೆ. ಕೆಲವೊಮ್ಮೆ ಅದು ಅಲೆದಾಡುವ ಇಲೆಕ್ಟ್ರಾನೊಂದನ್ನು ಹಿಡಿದುಕೊಳ್ಳುತ್ತದೆ, ಆದರೆ ಬಹಳ ದೂರದ ಕಕ್ಷೆಯಲ್ಲಿ.

ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನ ದೂರದರ್ಶಕ ಗ್ರಹಿಸಿದ್ದು ಇಂಥ ಇಂಗಾಲವನ್ನೇ. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಕೂಡಿ ಕಟ್ಟಿದ, ಸಾಲುಸಾಲು ಕಂಬಗಳ ಮೇಲೆ ತಂತಿ ಬಿಗಿದ ಈ ದೂರದರ್ಶಕ 34.5 ಮೆಗಾಹರ್ಟ್ಸಿನಲ್ಲಿ ಕೆಲಸ ಮಾಡುತ್ತಿತ್ತು. ಅಷ್ಟು ಕೆಳಗಿನ ಕಂಪನಕ್ಕೆ ಸಂಬಂಧಿಸಿದ ಇಂಗಾಲದಲ್ಲಿ ಇಲೆಕ್ಟ್ರಾನ್ ಇರುವುದು 575ರ ಆಸುಪಾಸಿನ ಕಕ್ಷೆಯಲ್ಲಿ. ಆಗ ಆ ಒಂದು ಪರಮಾಣುವಿನ ಅಗಲ ಮಿಲಿಮೀಟರಿನ ಮೂವತ್ತರಲ್ಲಿ ಒಂದು ಭಾಗವನ್ನು ಮುಟ್ಟುತ್ತದೆ, ಸಣ್ಣ ಕೂದಲೆಳೆಯ ದಪ್ಪಕ್ಕೆ ಸಮೀಪ. ಭೂಮಿಯ ಗಾಳಿಯಲ್ಲಿ ಅಂಥ ಪರಮಾಣು ಒಂದು ಕ್ಷಣವೂ ಉಳಿಯದು. ಮೋಡದ ಅಂಚಿನ ಬಿಡುವಿನಲ್ಲಿ ಅದಕ್ಕೆ ಜಾಗವಿದೆ.

ನಿಮಿಷಾ ಕಂಠಾರಿಯಾ, ಕೆ. ಆರ್. ಅನಂತರಾಮಯ್ಯ ಮತ್ತು ಹ್ಯಾರಿ ಪೇನ್ 1998ರಲ್ಲಿ, ಕ್ಯಾಸಿಯೋಪಿಯಾ-ಎ ಎಂಬ ಸಿಡಿದ ನಕ್ಷತ್ರದ ಅವಶೇಷಕ್ಕೂ ನಮಗೂ ನಡುವೆ ಇರುವ ಮೋಡಗಳ ಇಂಗಾಲವನ್ನು 34.5ರಿಂದ 770 ಮೆಗಾಹರ್ಟ್ಸಿನವರೆಗೆ ಅಭ್ಯಾಸ ಮಾಡಿ ಪ್ರಕಟಿಸಿದರು. ಅಂಚಿನ ಈ ಇಂಗಾಲವೇ ಒಳಕ್ಕೆ ಹೋದಂತೆ ಆಮ್ಲಜನಕದ ಜೊತೆ ಸೇರಿ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಇನ್ನೂ ಒಳಕ್ಕೆ ಹೋದರೆ? ಸರ್ಪಧರ ನಕ್ಷತ್ರಪುಂಜದಲ್ಲಿರುವ ಬರ್ನಾರ್ಡ್ 68 ಎಂಬ ಪುಟ್ಟ ಮೋಡದ ನಟ್ಟನಡುವೆ ಕಾರ್ಬನ್ ಮೊನಾಕ್ಸೈಡಿನ ಅಲೆ ಕುಗ್ಗಿಹೋಗುತ್ತದೆ ಎಂದು 2002ರಲ್ಲಿ ಎಡ್ವಿನ್ ಬರ್ಗಿನ್ ಮತ್ತು ಸಂಗಡಿಗರು ತೋರಿಸಿದರು. ಅಲ್ಲಿನ ಚಳಿಗೆ ಅದು ದೂಳಿನ ಕಣಗಳ ಮೇಲೆ ಮಂಜಾಗಿ ಕೂತುಬಿಟ್ಟಿದೆ.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಯಾವ ಅಣು ಇದೆ ಎಂದು ತಿಳಿದರೆ ಅರ್ಧ ಕೆಲಸ ಮಾತ್ರ ಆಯಿತು. ಮೋಡದ ಯಾವ ಜಾಗದಲ್ಲಿ ಇದೆ ಎಂದು ತಿಳಿದಾಗಲೇ ಅದು ಹೇಗೆ ಹುಟ್ಟಿತು ಎಂಬ ಪ್ರಶ್ನೆಗೆ ಕೈಹಾಕಬಹುದು.

ಓರೆ ಆಕಾರದ ಅಣು

ಅಸಿಟಾಲ್ಡಿಹೈಡಿನ ಒಂದು ಅಣುವಿನಲ್ಲಿ ಏಳು ಪರಮಾಣುಗಳು: ಎರಡು ಇಂಗಾಲ, ನಾಲ್ಕು ಜಲಜನಕ, ಒಂದು ಆಮ್ಲಜನಕ. ಹೆಪ್ಪು ಹಾಕಿದ ಹಾಲಿನಲ್ಲಿ ಸೂಕ್ಷ್ಮಜೀವಿಗಳು ಇದನ್ನು ತಯಾರಿಸುತ್ತವೆ. ಮಾಗಿದ ಹಣ್ಣುಗಳ ಪರಿಮಳದಲ್ಲಿ ಇದರ ಪಾಲಿದೆ. ಮದ್ಯ ಸೇವಿಸಿದವರ ದೇಹದಲ್ಲಿ ಯಕೃತ್ತು ಮದ್ಯಸಾರವನ್ನು ಮೊದಲು ಒಡೆಯುವುದು ಇದೇ ರೂಪಕ್ಕೆ.

ಕಾರ್ಬನ್ ಮೊನಾಕ್ಸೈಡಿಗಿಂತ ತೂಕವಾದ ಈ ಅಣುವಿನ ಆಕಾರ ಓರೆ. ಅದರ ಉದ್ದಕ್ಕೆ ಅಡ್ಡವಾಗಿ ಎರಡು ಅಕ್ಷಗಳನ್ನು ಎಣಿಸಬಹುದು. ಎರಡರ ಸುತ್ತಲೂ ತಿರುಗುವುದು ಹೆಚ್ಚುಕಡಿಮೆ ಒಂದೇ ಆದರೂ, ಆಕಾರದ ಓರೆಯಿಂದಾಗಿ ಶಕ್ತಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಉಳಿದುಕೊಳ್ಳುತ್ತದೆ. ಹೀಗೆ ಅಕ್ಕಪಕ್ಕದ ಎರಡು ಹಂತಗಳ ನಡುವೆ ಅಣು ಇಳಿದಾಗ ಬಿಡುವ ಶಕ್ತಿ ತೀರಾ ಕಡಿಮೆ, ಆದ್ದರಿಂದ ಅಲೆ ಬಹಳ ಉದ್ದ. ಅದರ ಕಂಪನಸಂಖ್ಯೆ 1065 ಮೆಗಾಹರ್ಟ್ಸ್, ಉದ್ದ 28 ಸೆಂಟಿಮೀಟರು. ಮದ್ಯಸಾರಗಳಲ್ಲೆಲ್ಲ ಸರಳವಾದ ಮೆಥನಾಲ್ ಕೂಡ ಇದೇ ಕಾರಣಕ್ಕೆ 834 ಮೆಗಾಹರ್ಟ್ಸಿನಲ್ಲಿ ಒಂದು ಅಲೆ ಬಿಡುತ್ತದೆ. 1970ರಲ್ಲಿ ಅಂತರಿಕ್ಷದ ಮೆಥನಾಲ್ ಮೊದಲು ಪತ್ತೆಯಾದದ್ದು ಆ ಅಲೆಯಿಂದಲೇ.

ಬಹುತೇಕ ಅಣುಗಳ ಅಲೆಗಳು ಮಿಲಿಮೀಟರ್ ಉದ್ದದ ಪಟ್ಟಿಯಲ್ಲಿ ಒತ್ತೊತ್ತಾಗಿ ಬಂದು ಒಂದರ ಮೇಲೊಂದು ಬೀಳುತ್ತವೆ. ಯಾವುದು ಯಾರದೆಂದು ಬಿಡಿಸುವುದೇ ದೊಡ್ಡ ಕೆಲಸ. ಇಷ್ಟು ಕೆಳಗಿನ ಕಂಪನಗಳಲ್ಲಿ ಅಲೆಗಳು ವಿರಳ, ಗುರುತು ನಿಚ್ಚಳ.

ಖೋಡದದ ಮೂವತ್ತು ಡಿಶ್‌ಗಳು

ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಪುಣೆ ಮೇಲೆ ಶಿರಡಿಗೆ ಹೋಗುವವರು ನಾಶಿಕ್ ಹೆದ್ದಾರಿಯಲ್ಲಿ ನಾರಾಯಣಗಾಂವ್ ದಾಟುತ್ತಾರೆ. ಪುಣೆಯಿಂದ ಸುಮಾರು 80 ಕಿಲೋಮೀಟರ್. ಟೊಮೆಟೊ ಮತ್ತು ದ್ರಾಕ್ಷಿಯ ಸೀಮೆ ಅದು. ಹೆದ್ದಾರಿಯಿಂದ ಪೂರ್ವಕ್ಕೆ ಹೊರಳಿದರೆ ಹೊಲಗಳ ನಡುವೆ ಆಕಾಶಕ್ಕೆ ಮುಖಮಾಡಿದ ದೊಡ್ಡ ದೊಡ್ಡ ಡಿಶ್‌ಗಳು. ಒಂದೊಂದರ ಅಗಲ 45 ಮೀಟರ್, ಒಟ್ಟು 30. ಇದೇ ಜಿಎಂಆರ್‌ಟಿ, ಮೀಟರ್ ಅಲೆಗಳ ದೈತ್ಯ ದೂರದರ್ಶಕ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಸೇರಿದ, ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿರುವ ರಾಷ್ಟ್ರೀಯ ರೇಡಿಯೋ ಖಭೌತ ಕೇಂದ್ರ ಇದನ್ನು ನಡೆಸುತ್ತದೆ.

ಇದರ ಹಿಂದಿನ ಶಕ್ತಿ ಗೋವಿಂದ ಸ್ವರೂಪ್. ಉದಕಮಂಡಲದ ಇಳಿಜಾರಿನ ಮೇಲೆ 1970ರಲ್ಲಿ ಸಿದ್ಧವಾದ ರೇಡಿಯೋ ದೂರದರ್ಶಕವೂ ಅವರದೇ ಕೂಸು. ಖೋಡದದಲ್ಲಿ ಅವರು ಡಿಶ್‌ನ ಮೈಗೆ ಲೋಹದ ತಗಡಿನ ಬದಲು ತೆಳುವಾದ ಸ್ಟೀಲ್ ತಂತಿಯ ಜಾಲರಿ ಹಾಕಿಸಿದರು. ಜಾಲರಿಯ ಕಣ್ಣು ಒಂದೆರಡು ಸೆಂಟಿಮೀಟರು. 28 ಸೆಂಟಿಮೀಟರಿನ ಅಲೆ ಆ ಕಣ್ಣಿನಲ್ಲಿ ಸೋರದೆ ಪುಟಿದು ಬರುತ್ತದೆ, ಗಾಳಿ ಮಾತ್ರ ಸುಳಿದು ಹೋಗುತ್ತದೆ. ಗಾಳಿಯ ಹೊಡೆತ ಕಡಿಮೆಯಾದ್ದರಿಂದ ಡಿಶ್ ಹಗುರವಾಯಿತು, ಖರ್ಚು ಇಳಿಯಿತು. 2002ರಿಂದ ಜಗತ್ತಿನ ಎಲ್ಲ ದೇಶಗಳ ವಿಜ್ಞಾನಿಗಳಿಗೂ ಇದು ತೆರೆದಿದೆ. ಇಷ್ಟು ದೊಡ್ಡ ಉಪಕರಣವನ್ನು ನಮ್ಮ ಎಂಜಿನಿಯರುಗಳು ನಮ್ಮ ನೆಲದಲ್ಲೇ ಯೋಚಿಸಿ, ನಮ್ಮ ಕೈಗೆಟಕುವ ಖರ್ಚಿನಲ್ಲಿ ಕಟ್ಟಿದರು. ಅದಕ್ಕಾಗಿ ನಾವು ಅವರಿಗೆ ಋಣಿಗಳು.

ಡಿಶ್‌ಗಳನ್ನು ಇಟ್ಟಿರುವ ಕ್ರಮವೇ ಈ ಕಥೆಯ ಕೀಲಿ. ಒಂದೇ ಡಿಶ್ 28 ಸೆಂಟಿಮೀಟರಿನ ಅಲೆಯಲ್ಲಿ ನೋಡಿದರೆ ಹೆಚ್ಚುಕಡಿಮೆ ಪೂರ್ಣಚಂದ್ರನಷ್ಟು ಅಗಲದ ಆಕಾಶ ಒಂದೇ ಚುಕ್ಕಿಯಾಗಿ ಕಾಣುತ್ತದೆ. ದೂರದೂರದ ಡಿಶ್‌ಗಳಿಗೆ ಬಂದ ಅಲೆಗಳನ್ನು ಕೂಡಿಸಿ ಲೆಕ್ಕಹಾಕಿದರೆ ನೋಟ ಚುರುಕಾಗುತ್ತದೆ. ಖೋಡದದ 16 ಡಿಶ್‌ಗಳು ಮೂರು ಕವಲುಗಳಲ್ಲಿ 25 ಕಿಲೋಮೀಟರಿನವರೆಗೆ ಹರಡಿವೆ. ಇವುಗಳಿಂದ ಚಂದ್ರಬಿಂಬದ ಅಗಲದ ಐನೂರರಲ್ಲೊಂದು ಭಾಗದಷ್ಟು ಸಣ್ಣ ವಿವರವನ್ನೂ ಬಿಡಿಸಿ ನೋಡಬಹುದು. ಉಳಿದ 14 ಡಿಶ್‌ಗಳು ನಡುವೆ ಒಂದು ಚದರ ಕಿಲೋಮೀಟರಿನೊಳಗೆ ಹತ್ತಿರ ಹತ್ತಿರ ನಿಂತಿವೆ. ಅಗಲವಾಗಿ ಹರಡಿದ, ಮಂದವಾದ ವಸ್ತು ತಪ್ಪಿಹೋಗದಂತೆ ಹಿಡಿಯುವುದು ಇವುಗಳ ಕೆಲಸ. ಸೂಕ್ಷ್ಮವೂ ಬೇಕು, ಹರವೂ ಬೇಕು ಎಂದಾಗ ಎರಡನ್ನೂ ಒಟ್ಟಿಗೆ ಕೊಡುವ ಜೋಡಣೆ ಇದು.

2003ರ ನಕ್ಷೆ

ನಮ್ಮ ಆಕಾಶಗಂಗೆಯ ಕೇಂದ್ರದ ಹತ್ತಿರ, ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿ ಸ್ಯಾಜಿಟೇರಿಯಸ್ ಬಿ2 ಎಂಬ ಮಹಾಮೋಡವಿದೆ. ಅದರಲ್ಲಿ ಲಕ್ಷಾಂತರ ಸೂರ್ಯರಿಗಾಗುವಷ್ಟು ದ್ರವ್ಯವಿದೆ. ಅದು ಇರುವುದು ಧನು ರಾಶಿಯಲ್ಲಿ, ಆ ಕಪ್ಪು ಸೀಳಿನಾಚೆ. ಖೋಡದದಿಂದ ಅದು ದಕ್ಷಿಣ ದಿಕ್ಕಿನಲ್ಲಿ 42 ಡಿಗ್ರಿ ಎತ್ತರಕ್ಕೆ ಏರುತ್ತದೆ. ಅಮೆರಿಕ, ಯೂರೋಪುಗಳಿಂದ ಇಷ್ಟು ಎತ್ತರಕ್ಕೆ ಕಾಣದು. ಅದು ನಡುರಾತ್ರಿ ಈ ಎತ್ತರಕ್ಕೇರುವ ಜೂನ್, ಜುಲೈ ತಿಂಗಳುಗಳಲ್ಲಿ ನಮ್ಮಲ್ಲಿ ಮಳೆಗಾಲ. ಮಳೆಯ ಮೋಡ ಕೂಡ ಈ ಉದ್ದನೆಯ ಅಲೆಗಳಿಗೆ ಅಡ್ಡಿಯಲ್ಲ.

ಅಸಿಟಾಲ್ಡಿಹೈಡ್ ಆ ಮೋಡದಲ್ಲಿದೆ ಎಂದು 1970ರ ದಶಕದ ಮೊದಲರ್ಧದಲ್ಲೇ, ಇದೇ 1065 ಮೆಗಾಹರ್ಟ್ಸಿನಲ್ಲಿ ಗೊತ್ತಾಗಿತ್ತು. ಮೋಡದ ಯಾವ ಭಾಗದಲ್ಲಿ ಎಂಬುದು ತಿಳಿದಿರಲಿಲ್ಲ. ಪುಣೆಯ ಜಯರಾಮ್ ಚೆಂಗಲೂರ್ ಮತ್ತು ನಿಸ್ಸಿಮ್ ಕಾನೇಕರ್ ಜಿಎಂಆರ್‌ಟಿಯಿಂದ ಆ ಅಲೆಯ ನಕ್ಷೆ ತಯಾರಿಸಿ 2003ರಲ್ಲಿ ಪ್ರಕಟಿಸಿದರು.

ಸ್ಯಾಜಿಟೇರಿಯಸ್ ಬಿ2ರ ಉತ್ತರ ಭಾಗದಲ್ಲಿ ಒಂದು ಚಿಕ್ಕ, ದಟ್ಟ, ಬಿಸಿಯಾದ ಗರ್ಭವಿದೆ. ಹೊಸ ನಕ್ಷತ್ರಗಳು ಹುಟ್ಟುತ್ತಿರುವ ಜಾಗ ಅದು. ಅಸಿಟೋನ್, ಅಸಿಟಿಕ್ ಆಮ್ಲ ಮುಂತಾದ ಬಹುತೇಕ ದೊಡ್ಡ ಅಣುಗಳು ಅಲ್ಲೇ ಒತ್ತೊತ್ತಾಗಿವೆ. ಅಸಿಟಾಲ್ಡಿಹೈಡ್ ಹಾಗಲ್ಲ ಎಂದು ಪುಣೆಯ ನಕ್ಷೆ ತೋರಿಸಿತು. ಅದು ಗರ್ಭವನ್ನು ಮೀರಿ ಮೋಡದಲ್ಲಿ ಬಹಳ ಅಗಲಕ್ಕೆ ಹಬ್ಬಿತ್ತು. ಸಕ್ಕರೆಗಳ ಸಂಬಂಧಿಯಾದ ಗ್ಲೈಕಾಲ್ಡಿಹೈಡ್ ಕೂಡ ಇದೇ ಮೋಡದಲ್ಲಿ ಅಗಲವಾಗಿ ಹರಡಿದೆ ಎಂದು ಅಮೆರಿಕದ ಜಾನ್ ಹಾಲಿಸ್ ಮತ್ತು ಸಂಗಡಿಗರು 2001ರಲ್ಲಿ ಕಂಡಿದ್ದರು. ಆಲ್ಡಿಹೈಡುಗಳೇ ಹೀಗೆ ಹೊರಗೆ ಹರಡಲು ಕಾರಣವೇನು?

ದೂಳಿನ ಕಣದ ಸಂತೆ

ಉತ್ತರ ದೂಳಿನ ಕಣದ ಮೇಲಿದೆ. ಮಲೆನಾಡಿನಲ್ಲಿ ಮನೆಗಳು ಒಂದೊಂದು ಗುಡ್ಡಕ್ಕೆ ಒಂದೊಂದರಂತೆ ಚದುರಿರುತ್ತವೆ. ದಾರಿಯಲ್ಲಿ ಇಬ್ಬರು ಎದುರಾಗುವುದೇ ಅಪರೂಪ. ವಾರದ ಸಂತೆಯಲ್ಲಿ ಮಾತ್ರ ಎಲ್ಲರೂ ಒಂದೆಡೆ ಸೇರುತ್ತಾರೆ, ಮಾತುಕತೆ, ಕೊಡುಕೊಳ್ಳುವಿಕೆ, ಸಂಬಂಧ ಎಲ್ಲ ಅಲ್ಲೇ ಕುದುರುತ್ತವೆ. ಮೋಡದಲ್ಲಿ ದೂಳಿನ ಕಣವೇ ಆ ಸಂತೆ. ಅನಿಲದಲ್ಲಿ ಚದುರಿಹೋದ ಪರಮಾಣುಗಳು ಒಂದೊಂದಾಗಿ ಬಂದು ಕಣಕ್ಕೆ ಅಂಟಿಕೊಳ್ಳುತ್ತವೆ. ಅಲ್ಲಿ ಹಗುರವಾದ ಜಲಜನಕ ಅತ್ತಿತ್ತ ಸರಿದಾಡುತ್ತ ಉಳಿದವನ್ನು ಭೇಟಿಯಾಗುತ್ತದೆ.

ಕಣ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಎರಡು ಪರಮಾಣುಗಳು ಕೂಡಿದಾಗ ಹುಟ್ಟುವ ಶಕ್ತಿಯನ್ನು ಕೂಡಲೇ ಹೊರಹಾಕದಿದ್ದರೆ ಆ ಶಕ್ತಿಯೇ ಅವನ್ನು ಮತ್ತೆ ಬೇರ್ಪಡಿಸುತ್ತದೆ. ಖಾಲಿ ಜಾಗದಲ್ಲಿ ಅದನ್ನು ತೆಗೆದುಕೊಳ್ಳುವವರಿಲ್ಲ. ಕಣ ಅದನ್ನು ಹೀರಿಕೊಳ್ಳುತ್ತದೆ, ಕೂಡಿಕೆ ಉಳಿಯುತ್ತದೆ.

ಕಣದ ಮೇಲೆ ಮಂಜಾಗಿ ಕೂತ ಕಾರ್ಬನ್ ಮೊನಾಕ್ಸೈಡಿಗೆ ಜಲಜನಕ ಒಂದೊಂದಾಗಿ ಸೇರುತ್ತದೆ. ಎರಡು ಸೇರಿದರೆ ಫಾರ್ಮಾಲ್ಡಿಹೈಡ್, ನಾಲ್ಕು ಸೇರಿದರೆ ಮೆಥನಾಲ್. ಒಂದೇ ಸೇರಿದ ಅರೆಬರೆ ಅಣುವಿಗೆ ಪಕ್ಕದಲ್ಲಿ ಇಂಗಾಲ ಮತ್ತು ಮೂರು ಜಲಜನಕಗಳ ತುಣುಕೊಂದು ಸಿಕ್ಕಿದರೆ ಅಸಿಟಾಲ್ಡಿಹೈಡ್. ಕತ್ತಲ ಮೋಡದ ದಟ್ಟಣೆಯಲ್ಲಿ ಹೀಗೆ ಮಂಜು ಮೆತ್ತಿಕೊಳ್ಳಲು ಒಂದು ಲಕ್ಷ ವರ್ಷದ ಆಸುಪಾಸು ಹಿಡಿಯುತ್ತದೆ. ಅನಿಲದಲ್ಲೇ ಅಣುತುಣುಕುಗಳಿಗೆ ಆಮ್ಲಜನಕ ತಾಗಿ ಅಸಿಟಾಲ್ಡಿಹೈಡ್ ಹುಟ್ಟುವ ಇನ್ನೊಂದು ದಾರಿಯೂ ಇದೆ.

ಆದರೆ ಮಂಜಿನಲ್ಲಿ ಹೂತ ಅಣು ತಿರುಗಲಾರದು. ತಿರುಗದಿದ್ದರೆ ರೇಡಿಯೋ ಅಲೆಯೂ ಇಲ್ಲ. ದೂರದರ್ಶಕಕ್ಕೆ ಕಾಣುವುದು ಕಣ ಬಿಟ್ಟು ಹೊರಬಂದ ಅಣು ಮಾತ್ರ. ಹುಟ್ಟುತ್ತಿರುವ ನಕ್ಷತ್ರದ ಬಿಸಿಗೆ ಮಂಜು ಕರಗಿ ಹೊರಬಂದಿದ್ದರೆ ಅಣುಗಳು ನಕ್ಷತ್ರದ ಬಳಿಯಲ್ಲೇ, ಗರ್ಭದಲ್ಲೇ ಗುಂಪಾಗಿರಬೇಕಿತ್ತು. ಅಗಲಕ್ಕೆ ಹರಡಿದ್ದರೆ ಹೊರಹಾಕಿದ್ದೂ ಅಗಲಕ್ಕೆ ನಡೆಯುವ ಯಾವುದೋ ಕೆಲಸವೇ ಇರಬೇಕು. ಆಕಾಶಗಂಗೆಯ ಕೇಂದ್ರದ ಬಳಿ ಅನಿಲದ ಹೊನಲುಗಳು ಸೆಕೆಂಡಿಗೆ ಹಲವು ಕಿಲೋಮೀಟರ್ ವೇಗದಲ್ಲಿ ಒಂದಕ್ಕೊಂದು ಅಪ್ಪಳಿಸುತ್ತಿರುತ್ತವೆ. ಆ ಆಘಾತದ ಅಲೆ ಮೋಡದೊಳಗೆ ಹಾದಾಗ ಕಣಗಳ ಮೇಲಿನ ಮಂಜು ಸಿಡಿದು ಅಣುಗಳು ಬಿಡುಗಡೆಯಾಗುತ್ತವೆ. ಪುಣೆಯ ನಕ್ಷೆಯಲ್ಲಿ ಕಂಡ ಹರವಿಗೆ ಈ ವಿವರಣೆ ಹೊಂದುತ್ತದೆ.

ಬಿಸಿ ಇಲ್ಲದೆಯೂ ಅಸಿಟಾಲ್ಡಿಹೈಡ್ ಇರಬಲ್ಲದು ಎಂಬುದಕ್ಕೆ ನಮಗೆ ಹತ್ತಿರದ ಸಾಕ್ಷ್ಯವೂ ಇದೆ. ವೃಷಭ ರಾಶಿಯಲ್ಲಿ ಸುಮಾರು 450 ಜ್ಯೋತಿರ್ವರ್ಷ ದೂರದಲ್ಲಿರುವ ಟಿಎಂಸಿ-1 ಎಂಬ ತಣ್ಣಗಿನ ಕತ್ತಲ ಮೋಡದಲ್ಲಿ 1985ರಲ್ಲೇ ಅದು ಪತ್ತೆಯಾಗಿತ್ತು.

ನಕ್ಷತ್ರಕ್ಕಿಂತ ಮೊದಲು

ಈ ಮೋಡಗಳೇ ಮುಂದೆ ಕುಸಿದು ನಕ್ಷತ್ರ, ಗ್ರಹ, ಧೂಮಕೇತುಗಳಾಗುತ್ತವೆ. 1997ರಲ್ಲಿ ಬರಿಗಣ್ಣಿಗೆ ಕಂಡ ಹೇಲ್-ಬಾಪ್ ಧೂಮಕೇತುವಿನಲ್ಲೂ ಅಸಿಟಾಲ್ಡಿಹೈಡ್ ಸಿಕ್ಕಿದೆ. ಇಂಗಾಲದ ಇಷ್ಟು ದೊಡ್ಡ ಅಣುಗಳು ಹುಟ್ಟಲು ಸೂರ್ಯನ ಬಿಸಿಯಾಗಲಿ, ಭೂಮಿಯ ಸಮುದ್ರವಾಗಲಿ ಬೇಕಿಲ್ಲ. ಮೋಡದಲ್ಲಿ ಇನ್ನೂ ಯಾವ ನಕ್ಷತ್ರವೂ ಹುಟ್ಟದಿರುವಾಗಲೇ, ಕತ್ತಲಲ್ಲಿ, ಚಳಿಯಲ್ಲಿ, ದೂಳಿನ ಕಣಗಳ ಮೇಲೆ ಅವು ತಯಾರಾಗುತ್ತವೆ. ಜೀವಕ್ಕೆ ಬೇಕಾದ ಸಾಮಗ್ರಿಯ ಒಂದು ಪಾಲು ಗ್ರಹಗಳಿಗಿಂತ ಹಳೆಯದು.

ಜಿಎಂಆರ್‌ಟಿಯ ಗ್ರಾಹಕ ಉಪಕರಣಗಳನ್ನು ಈಚಿನ ವರ್ಷಗಳಲ್ಲಿ ಹೊಸದಾಗಿಸಿದ್ದಾರೆ. ಮೆಥನಾಲಿನ 834, ಅಸಿಟಾಲ್ಡಿಹೈಡಿನ 1065 ಎರಡೂ ಅವುಗಳ ವ್ಯಾಪ್ತಿಯಲ್ಲಿವೆ. ವಿಮಾನಗಳಿಗೆ ದೂರ ತಿಳಿಸುವ ಉಪಕರಣಗಳು ಬಳಸುವುದು 1065 ಇರುವ ಪಟ್ಟಿಯನ್ನೇ, ಮೊಬೈಲ್ ಫೋನಿನ ಪಟ್ಟಿಗಳೂ ಅಕ್ಕಪಕ್ಕದಲ್ಲೇ ಇವೆ. ಖೋಡದದ ಸುತ್ತಲಿನ ಗುಡ್ಡಗಳು ಪಟ್ಟಣಗಳ ರೇಡಿಯೋ ಗದ್ದಲವನ್ನು ಅಷ್ಟಿಷ್ಟು ತಡೆದಿವೆ. ಉಳಿದದ್ದು ನಮ್ಮ ಕೈಯಲ್ಲಿದೆ. ಆ ಸೀಮೆಯನ್ನು ರೇಡಿಯೋ ಮೌನದಲ್ಲಿ ಉಳಿಸಿಕೊಂಡರೆ, ಯಾವ ಅಣು ಮೋಡದ ಯಾವ ಮೂಲೆಯಲ್ಲಿ ಹುಟ್ಟುತ್ತದೆ ಎಂಬ ನಕ್ಷೆಗಳನ್ನು ಒಂದೊಂದಾಗಿ ಬರೆಯುತ್ತ ಹೋಗಬಹುದು. ಫೆಬ್ರವರಿ 28ರ ವಿಜ್ಞಾನ ದಿನದಂದು ಆ ದೂರದರ್ಶಕದ ಬಾಗಿಲು ಸಾರ್ವಜನಿಕರಿಗೂ ತೆರೆಯುತ್ತದೆ, ಸಾವಿರಾರು ಶಾಲಾ ಮಕ್ಕಳು ಬರುತ್ತಾರೆ. ಮುಂದಿನ ನಕ್ಷೆಗಳನ್ನು ಬರೆಯಬೇಕಾದವರು ಅವರು.